ಕಪ್ಪೆ ಶಂಕರ ಮುಳುಗಿತಾ? – ಶೃಂಗೇರಿ ಸೀಮೆಯ ನೆಲ, ನೀರು ಮತ್ತು ಬದುಕು



ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಊರಿನ ಇತಿಹಾಸದ ಮೇಲೆ ಒಂದು ಲೇಖನ ಬೇಕೇ ಬೇಕು ಎಂದು ತೀರ್ಮಾನವಾದಾಗ, ಇದರಲ್ಲಿ ಹೊಸದಾಗಿ ಹೇಳುವುದಕ್ಕೆ ಎಂತ ಉಂಟು ಅಂತ ನಮಗೆ ಅನ್ನಿಸಿದ್ದು ನಿಜ. ಶೃಂಗೇರಿ ಎಂದರೆ ಶಾರದಾಂಬೆ, ಶಂಕರಾಚಾರ್ಯರು, ವಿದ್ಯಾಶಂಕರ ದೇವಸ್ಥಾನ. ಇಷ್ಟು ನಾಡಿಗೆಲ್ಲ ಗೊತ್ತು. ಆದರೆ ಬಸ್ಸಿಳಿದು ದರ್ಶನ ಮುಗಿಸಿ ಸಂಜೆಗೆ ಹೊರಟುಹೋಗುವವರು ನೋಡುವ ಶೃಂಗೇರಿ ಬೇರೆ; ಸುತ್ತಲಿನ ಹಳ್ಳಿಗಳಲ್ಲಿ ತೋಟ ಗದ್ದೆ ಮಾಡಿಕೊಂಡು, ಸಾಮಾನಿಗೆ, ಕೋರ್ಟಿಗೆ, ಆಸ್ಪತ್ರೆಗೆ, ಶಾಲೆಗೆ ಎಂದು ಪೇಟೆಗೆ ಹೋಗಿಬರುವ ನಾವು ಕಂಡ ಶೃಂಗೇರಿ ಬೇರೆ. ಈ ಎರಡನೆಯದರ ಬಗ್ಗೆ ನಾಲ್ಕು ಮಾತು ಬರೆಯೋಣ ಅಂತ ಹೊರಟಿದ್ದೇವೆ.

ಮಳೆಗಾಲದಲ್ಲಿ ನಮ್ಮ ಕಡೆ ಇಬ್ಬರು ಎದುರುಬದುರಾದರೆ ಮೊದಲು ಬರುವ ಪ್ರಶ್ನೆ, "ಕಪ್ಪೆ ಶಂಕರ ಮುಳುಗಿತಾ?" ದೇವಸ್ಥಾನದ ಪಕ್ಕ ತುಂಗೆಯ ಸ್ನಾನಘಟ್ಟದ ಹತ್ತಿರ ಒಂದು ಚಿಕ್ಕ ಗುಡಿ ಇದೆ. ಬಿಸಿಲಲ್ಲಿ ಪ್ರಸವವೇದನೆ ಪಡುತ್ತಿದ್ದ ಕಪ್ಪೆಗೆ ಹಾವೊಂದು ಹೆಡೆಯೆತ್ತಿ ನೆರಳು ಕೊಟ್ಟಿತೆಂದೂ, ಹುಟ್ಟುವೈರವೇ ಇಲ್ಲದ ಈ ಜಾಗ ಕಂಡು ಶಂಕರರು ಇಲ್ಲೇ ಪೀಠ ಸ್ಥಾಪಿಸಿದರೆಂದೂ ಐತಿಹ್ಯ. ಯಾತ್ರಿಕರಿಗೆ ಅದು ಪುಣ್ಯಸ್ಥಳ. ನಮಗೆ ಪುಣ್ಯಸ್ಥಳವೂ ಹೌದು, ಹೊಳೆಯ ಅಳತೆಗೋಲೂ ಹೌದು. ಕಪ್ಪೆ ಶಂಕರ ಮುಳುಗಿತು ಎಂದರೆ ಮೇಲೆ ಕೆರೆಕಟ್ಟೆ, ನೆಮ್ಮಾರು ಕಡೆ ಜೋರು ಮಳೆ ಹೊಯ್ದಿದೆ, ಗಾಂಧಿ ಮೈದಾನಕ್ಕೆ ನೀರು ಬರುವ ಸಂಭವವಿದೆ, ಹೊಳೆಬದಿಯ ತೋಟದವರು ಹುಷಾರಾಗಿರಬೇಕು ಎಂದರ್ಥ. 2019ರ ಆಗಸ್ಟಿನಲ್ಲಿ ತುಂಗೆ ಏರಿದ್ದನ್ನು ನಾವ್ಯಾರೂ ಮರೆತಿಲ್ಲ.

ನೆಲದ ಲಕ್ಷಣ

ಶೃಂಗೇರಿ ಪೇಟೆ ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಎತ್ತರದಲ್ಲಿ, ತುಂಗೆಯ ಎಡದಂಡೆಯ ಮೇಲೆ ಕುಳಿತಿದೆ. ಪಶ್ಚಿಮಕ್ಕೆ ಘಟ್ಟದ ಸಾಲು. ಕಿಗ್ಗದ ಮೇಲಿನ ನರಸಿಂಹ ಪರ್ವತವೇ 1,150 ಮೀಟರ್ ದಾಟುತ್ತದೆ. ತುಂಗೆ ಹುಟ್ಟುವುದು ಕುದುರೆಮುಖದ ಕಡೆಯ ವರಾಹ ಪರ್ವತದ ಗಂಗಾಮೂಲದಲ್ಲಿ. ಭದ್ರೆ, ನೇತ್ರಾವತಿಯ ಮೂಲವೂ ಅಲ್ಲೇ ಎಂದು ಹೇಳುತ್ತಾರೆ. ಒಂದೇ ಬೆಟ್ಟದಲ್ಲಿ ಹುಟ್ಟಿದ ನೇತ್ರಾವತಿ ಪಶ್ಚಿಮಕ್ಕಿಳಿದು ಮಂಗಳೂರಿನಲ್ಲಿ ಸಮುದ್ರ ಸೇರಿದರೆ, ನಮ್ಮ ತುಂಗೆ ಸಮುದ್ರಕ್ಕೆ ಬೆನ್ನು ಹಾಕಿ ನೆಮ್ಮಾರು, ಶೃಂಗೇರಿ, ಹರಿಹರಪುರ, ತೀರ್ಥಹಳ್ಳಿ ಮೇಲಾಗಿ ಹೋಗಿ ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಳ್ಳುತ್ತಾಳೆ. ಅಲ್ಲಿಂದ ಮುಂದೆ ತುಂಗಭದ್ರೆಯಾಗಿ, ಕೃಷ್ಣೆಯೊಳಗೆ ಸೇರಿ, ಪೂರ್ವ ಸಮುದ್ರ ಮುಟ್ಟುತ್ತಾಳೆ. ನಮ್ಮ ಮನೆಯ ಮಾಡಿನಿಂದ ಇಳಿದ ನೀರು ಹಂಪಿಯನ್ನು ನೋಡಿಕೊಂಡು ಹೋಗುತ್ತದೆ ಎಂಬುದು ಶಾಲೆ ಮಕ್ಕಳಿಗೆ ಹೇಳಿಕೊಡಬೇಕಾದ ಸಂಗತಿ.

ಇಂಥ ನೆಲದಲ್ಲಿ ಬಯಲು ಸಿಗುವುದು ಕಷ್ಟ. ಗುಡ್ಡ, ಗುಡ್ಡದ ಬುಡದಲ್ಲಿ ಒಂದು ಹಳ್ಳ, ಹಳ್ಳದ ಎರಡು ಬದಿಗೆ ಅಡಿಕೆ ತೋಟ, ಅದರ ಮೇಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಮಕ್ಕಿ ಗದ್ದೆ, ಅದಕ್ಕೂ ಮೇಲೆ ಸೊಪ್ಪಿನ ಬೆಟ್ಟ, ಕಾಡು. ಮನೆ ಎಂದರೆ ಗದ್ದೆ ತೋಟಕ್ಕೆ ನೆರವಾಗುವಂತೆ, ದಿಬ್ಬದ ಮೇಲೆ ಒಂಟಿಯಾಗಿ ಒಂದು. ಬಯಲುಸೀಮೆಯ ನೆಂಟರು ಬಂದರೆ, "ನಿಮ್ಮೂರು ಎಲ್ಲಿ?" ಅಂತ ಕೇಳುತ್ತಾರೆ. ಅವರಿಗೆ ಊರು ಎಂದರೆ ಸಾಲುಮನೆ, ಬೀದಿ, ಅಗಸೆ ಬಾಗಿಲು. ನಮ್ಮಲ್ಲಿ ಒಂದು ಮನೆಯಿಂದ ಕೂಗಿದರೆ ಇನ್ನೊಂದು ಮನೆಗೆ ಕೇಳುವುದೂ ಇಲ್ಲ. ಹಾಗಾಗಿಯೇ ಭಾರತೀ ಬೀದಿ, ಹರಿಹರ ಬೀದಿ ಇರುವ ಪೇಟೆ ಈ ಕಣಿವೆಗೆಲ್ಲ ಅಂಗಳವಿದ್ದ ಹಾಗೆ. ಬೇಗಾರಿನವರು, ಕೂತಗೋಡಿನವರು, ಅಡ್ಡಗದ್ದೆಯವರು, ನೆಮ್ಮಾರಿನವರು ಒಬ್ಬರನ್ನೊಬ್ಬರು ಕಾಣುವುದು ಅಲ್ಲಿಯೇ.

ಮಳೆ ಎಂಬ ಯಜಮಾನ

ಶೃಂಗೇರಿ ಸೀಮೆಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಇದೇ ಚಿಕ್ಕಮಗಳೂರು ಜಿಲ್ಲೆಯ ಕಡೂರಿನಲ್ಲಿ ಅದರ ಐದನೇ ಒಂದು ಪಾಲೂ ಬೀಳುವುದಿಲ್ಲ. ಒಂದೇ ಜಿಲ್ಲಾ ಕಚೇರಿಯಲ್ಲಿ ಕೂತು ಒಂದು ತಾಲ್ಲೂಕಿಗೆ ಬರಗಾಲದ ಕಾಗದ, ಇನ್ನೊಂದಕ್ಕೆ ಅತಿವೃಷ್ಟಿಯ ಕಾಗದ ಬರೆಯಬೇಕಾಗುತ್ತದೆ. ಗಾಳಿ ಸಮುದ್ರದಿಂದ ನೀರು ಹೊತ್ತು ತಂದು ಘಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರಿ ತಣಿಯುತ್ತದೆ, ಹೊತ್ತದ್ದನ್ನೆಲ್ಲ ಇಲ್ಲೇ ಇಳಿಸಿ ಹಗುರಾಗಿ ಮುಂದೆ ಹೋಗುತ್ತದೆ. ಅದು ಕಡೂರು ಮುಟ್ಟುವ ಹೊತ್ತಿಗೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಈ ಮಳೆಯೇ ನಮ್ಮ ಪಂಚಾಂಗ. ಹಿರಿಯರು ತಿಂಗಳ ಲೆಕ್ಕ ಹಿಡಿದವರಲ್ಲ. ಆರಿದ್ರಾ ಹಿಡಿಯುವುದರೊಳಗೆ ಕಟ್ಟಿಗೆ ಕೊಟ್ಟಿಗೆ ಸೇರಬೇಕು, ಪುನರ್ವಸು ಪುಷ್ಯದಲ್ಲಿ ನೆಟ್ಟಿ ಆಗಬೇಕು, ಆಶ್ಲೇಷದಲ್ಲಿ ಅಡಿಕೆ ಉದುರದಂತೆ ದೇವರೇ ಕಾಪಾಡಬೇಕು ಎನ್ನುವುದು ಅವರ ಲೆಕ್ಕ. ಉಪ್ಪು, ಮೆಣಸು, ಬೆಲ್ಲ, ಹಪ್ಪಳ, ಒಣಗಿಸಿದ ಹಲಸಿನ ಬೀಜ ಎಲ್ಲವನ್ನೂ ಮೇ ತಿಂಗಳಿನೊಳಗೆ ಅಟ್ಟ ಸೇರಿಸಿಬಿಡುತ್ತಿದ್ದರು. ಕಾಲುಸಂಕ ಕೊಚ್ಚಿಹೋದರೆ ಹಳ್ಳದ ಆಚೆಯ ಮನೆಯವರಿಗೆ ಪೇಟೆ ಮರೆತುಹೋಯಿತು ಅಂತಲೇ ಲೆಕ್ಕ. ಕಂಬಳಿ ಕೊಪ್ಪೆ ಹಾಕಿಕೊಂಡ ಗಂಡಸರು, ಗೊರಬು ಹೊತ್ತು ನೆಟ್ಟಿ ಮಾಡುವ ಹೆಂಗಸರು ಈಗ ಅಪರೂಪ. ಪ್ಲಾಸ್ಟಿಕ್ ಬಂದಿದೆ, ಗದ್ದೆಯೂ ಕಡಿಮೆಯಾಗಿದೆ.

ಮಳೆಗೆ ನಮ್ಮಲ್ಲಿ ದೇವರೂ ಇದ್ದಾನೆ. ಕಿಗ್ಗದ ಋಷ್ಯಶೃಂಗೇಶ್ವರನಿಗೆ ಮಳೆ ಬಾರದಿದ್ದರೂ ಪೂಜೆ, ಮಳೆ ಅತಿಯಾದರೂ ಪೂಜೆ. ಅಂಗದೇಶದ ರೋಮಪಾದ ರಾಜನ ರಾಜ್ಯಕ್ಕೆ ಮಳೆ ತಂದ ಋಷಿ ಅವನು. ಬಯಲುಸೀಮೆಯವರು ಮಳೆ ಬರಲಿ ಎಂದು ಹರಕೆ ಹೊತ್ತು ಬರುವ ದಿನವೇ ನಮ್ಮೂರಿನವರು ಮಳೆ ನಿಲ್ಲಲಿ ಎಂದು ಕಾಯಿ ಒಡೆಸಿದ್ದೂ ಉಂಟು ಎಂದು ಹಾಸ್ಯ ಮಾಡುವುದಿದೆ. ಋಷ್ಯಶೃಂಗಗಿರಿ, ಶೃಂಗಗಿರಿ ಎನ್ನುವುದೇ ಜನರ ಬಾಯಲ್ಲಿ ಶೃಂಗೇರಿ ಆಯಿತು ಎಂಬುದು ಸಾಮಾನ್ಯ ನಂಬಿಕೆ. ಹಾಗೆ ನೋಡಿದರೆ ಊರಿನ ಹೆಸರಿನಲ್ಲೇ ಮಳೆ ಇದೆ.

ಕಲ್ಲಿನಲ್ಲಿ ಬರೆದದ್ದು

ಇಷ್ಟು ಕಾಡು, ಇಷ್ಟು ಮಳೆ ಇರುವ ಜಾಗಕ್ಕೆ ಹಿಂದಿನ ಕಾಲದಲ್ಲಿ ಯಾರು ಬರುತ್ತಿದ್ದರು ಎಂಬ ಪ್ರಶ್ನೆಗೆ ಕಲ್ಲುಗಳೇ ಉತ್ತರ ಹೇಳುತ್ತವೆ. ಕಿಗ್ಗದಲ್ಲಿ ಆಳುಪ ಅರಸರ ಕಾಲದ ಹಳೆಯ ಕನ್ನಡ ಶಾಸನಗಳಿವೆ. ಕರಾವಳಿಯನ್ನು ಆಳಿದವರ ಕೈ ಘಟ್ಟದ ಮೇಲಕ್ಕೂ ಚಾಚಿತ್ತು ಎಂಬುದಕ್ಕೆ ಅವು ಸಾಕ್ಷಿ. ಪೇಟೆಯ ನಡುವೆ ಪಾರ್ಶ್ವನಾಥ ಬಸದಿ ಇದೆ. ನಿತ್ಯವೂ ಅದರ ಹತ್ತಿರವೇ ಓಡಾಡುವ ನಮ್ಮಲ್ಲಿ ಎಷ್ಟೋ ಜನ ಒಳಗೆ ಕಾಲಿಟ್ಟಿಲ್ಲ. ಅದು 12ನೇ ಶತಮಾನದ್ದು. ಮಾರಿಸೆಟ್ಟಿ ಎಂಬವನ ನೆನಪಿಗೆ ಕಟ್ಟಿಸಿದ್ದು. ಸೆಟ್ಟಿ ಎಂಬ ಹೆಸರು ಕೇಳಿದರೆ ವ್ಯಾಪಾರ ನೆನಪಾಗುತ್ತದೆ. ಪೇಟೆಯ ಮಧ್ಯದ ಗುಡ್ಡದ ಮೇಲೆ ಮಲಹಾನಿಕರೇಶ್ವರ, ನಾಲ್ಕು ದಿಕ್ಕಿಗೆ ಕಾವಲಾಗಿ ಕಾಲಭೈರವ, ದುರ್ಗೆ, ಆಂಜನೇಯ, ಕಾಳಿ. ಜೈನ, ಶೈವ, ಶಾಕ್ತ ಎಲ್ಲವೂ ಕೂಗಳತೆಯೊಳಗೆ ಇರುವ ಪೇಟೆ ಇದು.

1346ರಲ್ಲಿ ವಿಜಯನಗರದ ಹರಿಹರ ಮತ್ತು ಅವನ ತಮ್ಮಂದಿರು ಇಲ್ಲಿಗೆ ಬಂದು ಭಾರತೀತೀರ್ಥರಿಗೂ ಅವರ ಶಿಷ್ಯರಿಗೂ ಭೂಮಿ ದಾನ ಕೊಟ್ಟರು. ಈ ಕಣಿವೆಯ ಭೂಮಿಯ ಇತಿಹಾಸ ಒಂದು ಹೊಸ ದಾರಿ ಹಿಡಿದದ್ದು ಅಲ್ಲಿಂದ. ವಿದ್ಯಾರಣ್ಯರ ನೆನಪಿಗೆ ಇಮ್ಮಡಿ ಹರಿಹರನ ಕಾಲದಲ್ಲಿ ವಿದ್ಯಾರಣ್ಯಪುರದ ಅಗ್ರಹಾರ ಆಯಿತು. ವಿದ್ಯಾಶಂಕರ ದೇವಸ್ಥಾನವೂ ಅದೇ ಶತಮಾನದ್ದು. ಅದರ ಹನ್ನೆರಡು ರಾಶಿಕಂಬಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ನಮಗೆ ಅದಕ್ಕಿಂತ ಆಶ್ಚರ್ಯವಾಗುವುದು, ಆರು ನೂರು ಚಿಲ್ಲರೆ ಮಳೆಗಾಲಗಳನ್ನು ಆ ಕಲ್ಲಿನ ಮಾಡು ತಡೆದು ನಿಂತಿದೆಯಲ್ಲ ಎಂಬುದು. ನಮ್ಮ ಗೋಡೌನಿನ ಶೀಟು ನಾಲ್ಕು ಮಳೆಗಾಲ ತಡೆಯುವುದಿಲ್ಲ!

ವಿಜಯನಗರದ ನಂತರ ಈ ಸೀಮೆ ಕೆಳದಿಯ ನಾಯಕರಿಗೆ ಸೇರಿತು. ಅವರ ಪೈಕಿ ಶಿವಪ್ಪನಾಯಕ ಭೂಮಿ ಅಳೆದು ಕಂದಾಯ ಗೊತ್ತುಮಾಡಿದ 'ಶಿಸ್ತು' ಮಲೆನಾಡಿನಲ್ಲಿ ಇಂದಿಗೂ ಮಾತಿನಲ್ಲಿದೆ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಮೈಸೂರಿನ ಆಡಳಿತ ಬಂತು. 1791ರ ಯುದ್ಧದ ಸಮಯದಲ್ಲಿ ಮರಾಠಾ ದಂಡಿನ ಜೊತೆ ಬಂದ ಲೂಟಿಕೋರರು ಮಠವನ್ನು ದೋಚಿದರು. ಶಾರದೆಯ ವಿಗ್ರಹಕ್ಕೂ ಧಕ್ಕೆಯಾಯಿತು. ಆಗಿನ ಸ್ವಾಮಿಗಳು ಟಿಪ್ಪು ಸುಲ್ತಾನನಿಗೆ ಬರೆದರು. ಆತ ಗೌರವದಿಂದ ಉತ್ತರ ಬರೆದು, ಪುನಃ ಪ್ರತಿಷ್ಠೆಗೆ ಹಣ, ಸಾಮಗ್ರಿ ಒದಗಿಸುವಂತೆ ಬಿದನೂರಿನ ಅಧಿಕಾರಿಗೆ ಅಪ್ಪಣೆ ಮಾಡಿದನು. ಕನ್ನಡದಲ್ಲಿರುವ ಈ ಪತ್ರಗಳನ್ನು ಮೈಸೂರು ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಮಠದಲ್ಲಿ ಕಂಡು ಹೊರಜಗತ್ತಿಗೆ ತಿಳಿಸಿದರು. ಈಗಿನ ಕಲ್ಲಿನ ಶಾರದಾ ದೇವಸ್ಥಾನಕ್ಕೆ ಕುಂಭಾಭಿಷೇಕ ಆದದ್ದೂ ಅದೇ 1916ರಲ್ಲಿ. ಈ ಚರಿತ್ರೆಯನ್ನು ಹಿಡಿದು ಈಗ ಜಗಳಾಡುವವರಿದ್ದಾರೆ. ನಮಗೆ ತಿಳಿದದ್ದು ಇಷ್ಟು: ಕಷ್ಟ ಬಂದಾಗ ಕಣಿವೆಯವರು ಕಾಗದ ಬರೆದರು, ಆಳುವವನು ನೆರವು ಕಳಿಸಿದನು.

ದಾರಿಯ ಕಥೆ

ಕಣಿವೆ ಊರಿಗೆ ದಾರಿಯೇ ಜೀವ. ಹೇರೆತ್ತುಗಳ ಕಾಲದಲ್ಲಿ ಘಟ್ಟದ ಕೆಳಗಿನಿಂದ ಉಪ್ಪು, ಕೊಬ್ಬರಿ, ಒಣಮೀನು ಮೇಲೆ ಬರುತ್ತಿತ್ತು. ಇಲ್ಲಿನ ಅಕ್ಕಿ, ಅಡಿಕೆ, ಮೆಣಸು ಕೆಳಗಿಳಿಯುತ್ತಿತ್ತು. ಇವತ್ತಿಗೂ ನಮಗೆ ಕರಾವಳಿಗೆ ಎರಡು ಬಾಗಿಲು. ಒಂದು ಆಗುಂಬೆ ಘಾಟಿ, ಹೆಬ್ರಿ ಮೇಲಾಗಿ ಉಡುಪಿಗೆ. ಇನ್ನೊಂದು ನೆಮ್ಮಾರು, ಕೆರೆಕಟ್ಟೆ, ಎಸ್.ಕೆ. ಬಾರ್ಡರ್ ದಾಟಿ ಕಾರ್ಕಳಕ್ಕೆ. ಸೌತ್ ಕೆನರಾ ಜಿಲ್ಲೆ ಹೋಗಿ ದಕ್ಷಿಣ ಕನ್ನಡವಾಗಿ, ಅದರಿಂದ 1997ರಲ್ಲಿ ಉಡುಪಿ ಬೇರೆಯಾದರೂ ನಮ್ಮವರ ಬಾಯಲ್ಲಿ ಅದು 'ಎಸ್.ಕೆ. ಬಾರ್ಡರ್' ಆಗಿಯೇ ಉಳಿದಿದೆ. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಜರಿದರೆ ಒಂದು ಬಾಗಿಲು ಮುಚ್ಚಿತು. ಮಣಿಪಾಲಕ್ಕೋ ಮಂಗಳೂರಿಗೋ ಕಾಯಿಲೆಯವರನ್ನು ಕರೆದುಕೊಂಡು ಹೊರಟವರಿಗೆ ಇದರ ಅರ್ಥ ಚೆನ್ನಾಗಿ ಗೊತ್ತು. ರೈಲು ನಮ್ಮ ತಾಲ್ಲೂಕಿಗೆ ಬಂದೇ ಇಲ್ಲ.

ಬಸ್ಸಿನ ವಿಚಾರ ಬಂದಾಗ ಸಹಕಾರ ಸಂಘದ ಸಂಚಿಕೆಯಲ್ಲಿ ಒಂದು ಹೆಸರು ಬರೆಯಲೇಬೇಕು. 1991ರಲ್ಲಿ ಪಕ್ಕದ ಕೊಪ್ಪದಲ್ಲಿ, ಮುಚ್ಚಿದ ಖಾಸಗಿ ಬಸ್ ಕಂಪನಿಯೊಂದರ ಕಾರ್ಮಿಕರು ಕೈಚೆಲ್ಲಿ ಕೂರದೆ ತಾವೇ ಸೇರಿ ಸಾರಿಗೆ ಸಹಕಾರ ಸಂಘ ಕಟ್ಟಿದರು. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ ಎಲ್ಲರೂ ಮಾಲೀಕರೇ. 'ಸಹಕಾರ ಸಾರಿಗೆ' ಬಸ್ಸುಗಳು ಸರ್ಕಾರಿ ಬಸ್ಸು ಕಾಣದ ಹಳ್ಳಿಗಳ ಮಣ್ಣುರಸ್ತೆಗೂ ಹೋಗಿಬಂದವು. ಶಾಲಾ ಮಕ್ಕಳಿಗೆ ರಿಯಾಯಿತಿ ಪಾಸು ಕೊಟ್ಟವು. ಈ ಪ್ರಯೋಗ ನೋಡಲು ಹೊರಗಿನವರು ಬರುವಷ್ಟು ಹೆಸರಾಯಿತು. ಆದರೆ ಖರ್ಚು ಏರಿ, ನಷ್ಟ ಕೂಡಿ, 2020ರ ಫೆಬ್ರವರಿಯಲ್ಲಿ ಬಸ್ಸುಗಳು ನಿಂತವು. ಸುಮಾರು ಮೂವತ್ತು ವರ್ಷ ಮಲೆನಾಡನ್ನು ಹೊತ್ತ ಸಂಸ್ಥೆ ನಿಂತ ದಿನ ನಮ್ಮಲ್ಲಿ ಎಷ್ಟೋ ಮನೆಯಲ್ಲಿ ಅದೇ ಮಾತು. ಎಲ್ಲರೂ ಬೇಸರಪಟ್ಟೆವು. ಅದಕ್ಕಿಂತ ಮುಂಚೆ ನಾವೇ ಬೈಕು, ಕಾರು ಕೊಂಡು ಬಸ್ಸಿನ ಸೀಟು ಖಾಲಿ ಬಿಟ್ಟಿದ್ದೆವು ಎಂಬುದನ್ನೂ ಒಪ್ಪಿಕೊಳ್ಳಬೇಕು. ಸಂಸ್ಥೆ ಬೇಕು ಎಂದು ಬಾಯಲ್ಲಿ ಹೇಳಿದರೆ ಸಾಲದು, ಅದರಲ್ಲಿ ವ್ಯವಹಾರ ಮಾಡಬೇಕು. ಈ ಪಾಠ ನಮ್ಮ ಸಂಘಕ್ಕೂ ಅನ್ವಯಿಸುತ್ತದೆ.

ಗೇಣಿಯಿಂದ ಪಹಣಿಗೆ

ಶೃಂಗೇರಿ ಬಹಳ ಕಾಲ ಮಠದ ಜಾಗೀರಾಗಿತ್ತು. ಕಂದಾಯವೂ ಆಡಳಿತವೂ ಅಲ್ಲಿಗೇ ಸೇರಿದ್ದ ಕಾಲ ಅದು. ಸ್ವಾತಂತ್ರ್ಯ ಬಂದ ಮೇಲೆ 1950ರ ದಶಕದಲ್ಲಿ ಮೈಸೂರು ಸರ್ಕಾರದ ಇನಾಂ ರದ್ದತಿ ಕಾನೂನುಗಳು ಬಂದವು. ಆ ಕಾನೂನುಗಳ ಹಿಂದೆ ದುಡಿದವರಲ್ಲಿ ನಮ್ಮ ನೆರೆಯ ತೀರ್ಥಹಳ್ಳಿ ತಾಲ್ಲೂಕಿನ ಕಡಿದಾಳ್ ಮಂಜಪ್ಪನವರು ಮುಖ್ಯರು. ಆಮೇಲೆ ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆ ಕಾಯಿದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಏಳನೇ ನಂಬರ್ ಫಾರಂ ತುಂಬಿ, ಭೂ ನ್ಯಾಯಮಂಡಳಿಯ ಮುಂದೆ ಕೈಕಟ್ಟಿ ನಿಂತು, "ಈ ಗದ್ದೆ ಉಳುವವನು ನಾನು" ಎಂದು ಹೇಳಿದವರ ಮಕ್ಕಳು ಮೊಮ್ಮಕ್ಕಳು ಇಂದು ನಮ್ಮ ಸಂಘದ ಷೇರುದಾರರು.

ಆ ವರ್ಷಗಳು ಸಲೀಸಾಗಿ ಕಳೆಯಲಿಲ್ಲ. ಒಡೆಯರು ಒಕ್ಕಲುಗಳ ನಡುವೆ ಮಾತು ನಿಂತಿತು. ಒಂದೇ ಬಾವಿಯ ನೀರು ಕುಡಿದವರು ಕೋರ್ಟಿನಲ್ಲಿ ಎದುರುಬದುರು ಕೂತರು. ಗೇಣಿ ಬಿಟ್ಟರೆ ಬೇರೆ ಆದಾಯವೇ ಇಲ್ಲದ ಬಡ ಒಡೆಯರು, ವಿಧವೆಯರು ಕಷ್ಟಕ್ಕೆ ಬಿದ್ದದ್ದೂ ಇದೆ. ಆದರೆ ಪಹಣಿಯಲ್ಲಿ ಹೆಸರು ಬಂದ ಮೇಲೆಯೇ ಸಾಲ ಸಿಕ್ಕಿತು, ಗೇಣಿ ಗದ್ದೆಯ ಮೂಲೆಯಲ್ಲಿ ಧೈರ್ಯವಾಗಿ ನಾಲ್ಕು ಅಡಿಕೆ ಸಸಿ ನೆಡುವುದಾಯಿತು, ಮಕ್ಕಳು ಹೈಸ್ಕೂಲು ದಾಟಿದರು. ಭೂಮಿಯೇ ಇಲ್ಲದೆ ಕೂಲಿ ಮಾಡಿದವರಿಗೆ ಮಾತ್ರ ಈ ಕಾನೂನಿನಿಂದ ಬಂದದ್ದು ಕಡಿಮೆ. ಕಾಡಂಚಿನ ಗೌಡಲು, ಮಲೆಕುಡಿಯ ಕುಟುಂಬಗಳ ಕಥೆ ಇನ್ನೂ ಬೇರೆ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಘೋಷಣೆಯಾಗಿ, ತಲೆಮಾರುಗಳಿಂದ ಇದ್ದ ಜಾಗದಲ್ಲೇ ಅವರು ಅನುಮಾನಕ್ಕೆ ಒಳಗಾದರು. ಅರಣ್ಯ ಹಕ್ಕು ಕಾಯಿದೆ ಬಂದದ್ದು 2006ರಲ್ಲಿ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಯಲ್ಲಿ ನಿಂತಿತು. ಹೊಳೆಯ ಹುಟ್ಟಿನ ಹತ್ತಿರದ ಗುಡ್ಡ ಉಳಿದದ್ದು ಒಳ್ಳೆಯದೇ ಆಯಿತು. ಆದರೆ ಕಾಡು ಉಳಿಯಲಿ ಎಂದು ಹೇಳುವಾಗ ಕಾಡಿನೊಳಗಿನ ಮನೆಗೆ ಸಂಕವೂ ಕರೆಂಟೂ ಬೇಕು ಎಂಬುದನ್ನು ನಾವು ಮರೆಯಬಾರದು.

ಅಡಿಕೆ ಕೊಟ್ಟದ್ದು, ಅಡಿಕೆ ಕಸಿದದ್ದು

ನಮ್ಮ ಕಡೆಯ ಬದುಕು ನಿಂತಿರುವುದು ಒಂದು ತೆಳ್ಳಗಿನ ಮರದ ಮೇಲೆ. ಅಡಿಕೆ ಸುಲಿದು, ಚೊಗರಿನಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಮಾಡುವ ಕೆಲಸದಲ್ಲಿ ಇಡೀ ಮನೆಯೇ ತೊಡಗುತ್ತಿತ್ತು. ರಾತ್ರಿ ಸುಲಿಯಲು ಕೂತಾಗ ಹೆಂಗಸರ ಮೆಟ್ಟುಗತ್ತಿಯ ಸದ್ದಿನ ಜೊತೆ ಊರಿನ ಸುದ್ದಿಯೆಲ್ಲ ಬರುತ್ತಿತ್ತು.

ಈ ಬೆಳೆಗೆ ಮಳೆಯೇ ತಾಯಿ, ಮಳೆಯೇ ಮಾರಿ. ಜಡಿಮಳೆ ಹಿಡಿದರೆ ಕೊಳೆ ಬರುತ್ತದೆ. ಹಿಂದೆ ಇದಕ್ಕೆ ಇದ್ದ ಉಪಾಯ ಒಂದೇ, ಕೊನೆಗಾರ ಮರ ಹತ್ತಿ ಒಂದೊಂದು ಗೊನೆಗೂ ಕೊಟ್ಟೆ ಕಟ್ಟುವುದು. ಮೈಸೂರು ಸರ್ಕಾರದಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಮಲೆನಾಡಿನ ತೋಟಗಳಲ್ಲಿ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಫ್ರಾನ್ಸಿನಲ್ಲಿ ದ್ರಾಕ್ಷಿಗೆ ಬಳಸುತ್ತಿದ್ದ ಬೋರ್ಡೋ ದ್ರಾವಣ ನಮ್ಮ ಅಡಿಕೆಗೆ ಬಂತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಮಳೆಗೆ ತೊಳೆದುಹೋಗದ ಹಾಗೆ ಸ್ವಲ್ಪ ರಾಳ. ಮುಂಗಾರು ಹಿಡಿಯುವ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ನೂರು ವರ್ಷ ಕಳೆದರೂ ಇದಕ್ಕಿಂತ ನಂಬಿಕೆಯ ಔಷಧಿ ನಮಗೆ ಸಿಕ್ಕಿಲ್ಲ. ವಿಜ್ಞಾನಿಯ ಹೆಸರು ಉಳಿಯಿತು. ನೆನೆದ ಮರ ಹತ್ತಿ ಗೋಟಿನಿಂದ ಗೋಟಿಗೆ ದಾಟಿ ಔಷಧಿ ಹೊಡೆದವರ, ಕಾಲು ಜಾರಿ ಬಿದ್ದು ಸೊಂಟ ಮುರಿದುಕೊಂಡವರ ಹೆಸರು ಯಾವ ವರದಿಯಲ್ಲೂ ಇಲ್ಲ. ಈ ಸಂಚಿಕೆಯಲ್ಲಾದರೂ ಅವರಿಗೆ ನಮ್ಮ ನಮಸ್ಕಾರ ಸಲ್ಲಲಿ.

ಕೊಳೆಗೆ ಮದ್ದು ಉಂಟು. ಹಳದಿ ಎಲೆ ರೋಗಕ್ಕೆ ಇಲ್ಲ. ಶೃಂಗೇರಿ, ಕೊಪ್ಪ ತಾಲ್ಲೂಕುಗಳ ತೋಟಗಳನ್ನು ಅದು ದಶಕಗಳಿಂದ ತಿನ್ನುತ್ತಿದೆ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುತ್ತದೆ, ಜಿಗಿಹುಳುವಿನಿಂದ ಹರಡುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಸೋಗೆಯ ತುದಿ ಹಳದಿಯಾಗುತ್ತದೆ, ಅಡಿಕೆಯ ಒಳತಿರುಳು ಮೆತ್ತಗಾಗಿ ಕಪ್ಪಾಗುತ್ತದೆ, ಫಸಲು ಇಳಿಯುತ್ತದೆ, ಕೊನೆಗೆ ಮರ ತಲೆ ಸಣ್ಣದಾಗಿ ನಿಲ್ಲುತ್ತದೆ. ಮರ ಒಮ್ಮೆಲೇ ಸಾಯುವುದಿಲ್ಲ, ಅದೇ ದೊಡ್ಡ ಕಷ್ಟ. ಸತ್ತರೆ ಕಡಿದು ಬೇರೆ ಇಡಬಹುದು. ಬದುಕಿದ ಮರವನ್ನು ಅಪ್ಪ ಅಜ್ಜ ನೆಟ್ಟದ್ದು ಅಂತ ಕಡಿಯಲು ಕೈ ಬರುವುದಿಲ್ಲ, ಇಟ್ಟುಕೊಂಡರೆ ಗೊಬ್ಬರದ ಖರ್ಚೂ ಹುಟ್ಟುವುದಿಲ್ಲ. ಇದು ಸಾಲದು ಎಂಬಂತೆ 2022ರಿಂದೀಚೆಗೆ ಎಲೆಚುಕ್ಕಿ ರೋಗ ಮಲೆನಾಡಿನಲ್ಲಿ ಜೋರಾಗಿ ಹರಡಿತು. ಕೆರೆಕಟ್ಟೆ ಕಡೆಯ ತೋಟಗಳು ಸುಟ್ಟ ಹಾಗೆ ಕಂಡವು. ಅದೇ ಹೊತ್ತಿಗೆ ಅಡಿಕೆಯನ್ನೇ ಕಾಣದ ಬಯಲುಸೀಮೆಯ ಹೊಲಗಳಲ್ಲಿ ಬೋರ್‌ವೆಲ್ ನೀರಿನಿಂದ ಅಡಿಕೆ ಎದ್ದು ನಿಂತಿದೆ. ಅವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ನಮ್ಮ ಹಳ್ಳದ ಬದಿಯ ಅರ್ಧ ಎಕರೆ ಅವರ ಹತ್ತು ಎಕರೆಯ ಜೊತೆ ಪೈಪೋಟಿ ಮಾಡಲಾರದು ಎಂಬುದು ಲೆಕ್ಕ ಬಲ್ಲ ಯಾರಿಗೂ ಗೊತ್ತಾಗುತ್ತದೆ.

ಕೈ ಸೇರಿಸಿದವರು

ನಮ್ಮ ದೇಶದಲ್ಲಿ ಸಹಕಾರ ಸಂಘಗಳ ಕಾನೂನು ಬಂದದ್ದು 1904ರಲ್ಲಿ. ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತನದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಮಲೆನಾಡಿಗೆ ಬಂದರೆ, ಅಡಿಕೆ ಬೆಳೆಗಾರರು ದಲ್ಲಾಳಿಗಳ ಕೈಗೆ ಸಿಕ್ಕಿ ನರಳುತ್ತಿದ್ದ ಕಾಲದಲ್ಲಿ, 1939ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್ಕೋಸ್ ಸ್ಥಾಪನೆಯಾಯಿತು. ಬೆಲೆ ನೆಲಕಚ್ಚಿದ ಕಾಲದಲ್ಲಿ, 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ನಾಯಕತ್ವದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಎದ್ದು ನಿಂತಿತು. ಅಂಥ ದೊಡ್ಡ ಸಂಸ್ಥೆಗಳ ಮುಂದೆ ನಮ್ಮ ಸಂಘ ಚಿಕ್ಕದು. ಆದರೆ ಕಣಿವೆಯ ಲೆಕ್ಕದಲ್ಲಿ ಚಿಕ್ಕದಕ್ಕೂ ಅದರದೇ ಕೆಲಸ ಉಂಟು. ದೊಡ್ಡ ಸೇತುವೆ ಹೊಳೆಗೆ ಬೇಕು, ಮನೆ ಮುಂದಿನ ಹಳ್ಳಕ್ಕೆ ಕಾಲುಸಂಕವೇ ಸಾಕು.

ಮೇ ತಿಂಗಳಲ್ಲಿ ಪೇಟೆಯಲ್ಲಿ ಮೈಲುತುತ್ತ ಸಿಗದೆ ಪರದಾಡುವಾಗ ಸಂಘದ ಗೋಡೌನಿನಲ್ಲಿ ಸಿಕ್ಕಿದೆ. ಮನೆಯಲ್ಲಿ ಕಾಯಿಲೆ ಬಿದ್ದಾಗ, ಮಗಳ ಮದುವೆ ನಿಶ್ಚಯವಾದಾಗ, ಕಾಲೇಜಿನ ಫೀಸು ಕಟ್ಟುವಾಗ ಸಂಘದ ಬಾಗಿಲು ತಟ್ಟದವರು ನಮ್ಮಲ್ಲಿ ಕಡಿಮೆ. ಸಾಲ ಕೊಡುವಾಗ ಕಾರ್ಯದರ್ಶಿಗಳು ಒಳ್ಳೆಯವರು, ವಸೂಲಿಗೆ ಬಂದಾಗ ಕೆಟ್ಟವರು ಎಂಬ ಮಾತು ಎಲ್ಲ ಊರಿನಲ್ಲೂ ಇದೆ, ನಮ್ಮಲ್ಲೂ ಇದೆ. ಇಪ್ಪತ್ತೈದು ವರ್ಷ ಈ ಸಂಘ ನಿಂತದ್ದು ಫಸಲು ಕೈಕೊಟ್ಟ ವರ್ಷದಲ್ಲೂ ಬಡ್ಡಿಯನ್ನಾದರೂ ಕಟ್ಟಿ ಹೋದ ಸಣ್ಣ ಸದಸ್ಯರಿಂದ. ಇದನ್ನು ದೊಡ್ಡ ಸದಸ್ಯರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಮುಂದೇನು?

ಈಗ ಮುಖ್ಯ ಮಾತು. ನಮ್ಮ ಕಣಿವೆಯಲ್ಲಿ ಸಂಜೆ ದೀಪ ಹಚ್ಚುವ ಮನೆಗಳಲ್ಲಿ ಬಹುಪಾಲು ಇಬ್ಬರೇ ಇರುತ್ತಾರೆ, ಇಬ್ಬರೂ ಅರವತ್ತು ದಾಟಿದವರು. ಮಕ್ಕಳು ಬೆಂಗಳೂರಿನಲ್ಲಿ. ಓದಿಸಿದ್ದು ನಾವೇ, ಹೋಗು ಎಂದದ್ದೂ ನಾವೇ. ಅವರನ್ನು ದೂರುವುದು ಸರಿಯಲ್ಲ. ಒಂದು ಕಾಲದಲ್ಲಿ ಓದಲೆಂದು ಹೊರಗಿನವರು ಈ ಊರಿಗೆ ಬರುತ್ತಿದ್ದರು. ಮೆಣಸೆಯಲ್ಲಿ 1992ರಲ್ಲಿ ಆರಂಭವಾದ ಸಂಸ್ಕೃತ ವಿದ್ಯಾಪೀಠಕ್ಕೆ ಈಗಲೂ ಹೊರರಾಜ್ಯದಿಂದ ಹುಡುಗರು ಬರುತ್ತಾರೆ. ನಮ್ಮ ಹುಡುಗರು ಹೋಗುವ ಬಸ್ಸಿನಲ್ಲೇ ಅವರು ಬಂದಿಳಿಯುತ್ತಾರೆ. ವಾರದ ಕೊನೆಯಲ್ಲಿ ಯಾತ್ರಿಕರಿಂದ ಪೇಟೆ ತುಂಬುತ್ತದೆ, ಸೋಮವಾರ ಖಾಲಿಯಾಗುತ್ತದೆ. ಮನೆಯ ತೋಟ ಮಾರಿಬಿಡೋಣವಾ ಎಂಬ ಮಾತು ಮೊದಲು ಫೋನಿನಲ್ಲಿ ಬರುತ್ತದೆ, ಆಮೇಲೆ ಹಬ್ಬಕ್ಕೆ ಬಂದಾಗ ಬರುತ್ತದೆ.

ಒಂದು ಮನೆ ಖಾಲಿಯಾದರೆ ಒಂದು ಮನೆಯಷ್ಟೇ ಖಾಲಿಯಾಗುವುದಿಲ್ಲ. ಮೇಲಿನ ತೋಟದವರು ಬಸಿಗಾಲುವೆ ತೆಗೆಯದಿದ್ದರೆ ಕೆಳಗಿನ ತೋಟಕ್ಕೆ ನೀರು ನಿಲ್ಲುತ್ತದೆ. ಪಕ್ಕದ ತೋಟಕ್ಕೆ ಔಷಧಿ ಹೊಡೆಯದಿದ್ದರೆ ಕೊಳೆ ನಮ್ಮ ತೋಟಕ್ಕೂ ದಾಟುತ್ತದೆ. ಸಂಕ ಕಟ್ಟಲು ನಾಲ್ಕು ಮನೆಯಿಂದ ಆಳು ಬೇಕಿದ್ದ ಕಡೆ ಎರಡೇ ಮನೆ ಉಳಿದರೆ ಸಂಕ ಆಗುವುದಿಲ್ಲ. ಬಯಲಿನಲ್ಲಿ ಒಬ್ಬ ರೈತ ತನ್ನಷ್ಟಕ್ಕೆ ಬದುಕಬಲ್ಲ. ಕಣಿವೆಯಲ್ಲಿ ನೀರು ಮೇಲಿನವನಿಂದ ಕೆಳಗಿನವನಿಗೆ ಇಳಿಯಲೇಬೇಕು, ಆದ್ದರಿಂದ ಮಾತೂ ಇಳಿಯಬೇಕು, ನೆರವೂ ಇಳಿಯಬೇಕು.

ಸಂಘದ ಮುಂದಿನ ಇಪ್ಪತ್ತೈದು ವರ್ಷಕ್ಕೆ ನಮ್ಮ ಮೂರು ಸಲಹೆಗಳು. ಒಂದು, ಕೊನೆಗಾರರು ಸಿಗದ ಈ ಕಾಲದಲ್ಲಿ ಔಷಧಿ ಹೊಡೆಯುವ, ಕೊನೆ ತೆಗೆಯುವ ಕೆಲಸಕ್ಕೆ ಸಂಘದಿಂದಲೇ ತಂಡ ಕಟ್ಟಿ, ಆ ಕೆಲಸಗಾರರಿಗೆ ವಿಮೆ ಮಾಡಿಸಿ, ಅವರನ್ನೂ ಷೇರುದಾರರನ್ನಾಗಿ ಮಾಡಿಕೊಳ್ಳಬೇಕು. ಎರಡು, ಹಳದಿ ರೋಗ ಹೊಕ್ಕ ತೋಟದವರಿಗೆ ಮೆಣಸು, ಕಾಫಿ, ಜಾಯಿಕಾಯಿ ಯಾವುದಾದರೂ ಸೇರಿಸಿಕೊಳ್ಳಲು ಸಸಿಯೂ ಸಾಲವೂ ಒಟ್ಟಿಗೆ ಸಿಗಬೇಕು. ಫಸಲು ಬರುವ ತನಕ ಕಂತು ತಡೆಹಿಡಿಯಬೇಕು. ಮೂರು, ದೂರದಲ್ಲಿರುವ ಮಕ್ಕಳು ತೋಟ ಮಾರುವ ಮೊದಲು ನೋಡಿಕೊಳ್ಳಲು ಕೊಡುವ ವ್ಯವಸ್ಥೆ ಸಂಘದ ಮೂಲಕ ಆಗಬೇಕು. ಗೇಣಿಯ ಹಳೆಯ ಭಯ ಎರಡೂ ಕಡೆ ಇನ್ನೂ ಇರುವುದರಿಂದ ಇದು ಸುಲಭವಲ್ಲ ಎಂದು ನಮಗೆ ಗೊತ್ತು. ಕಾನೂನು ಬಲ್ಲವರನ್ನು ಕೂರಿಸಿಕೊಂಡು ಮಹಾಸಭೆಯಲ್ಲಿ ಮಾತನಾಡೋಣ. ಜಗಳವಾದರೂ ಪರವಾಗಿಲ್ಲ, ಮಾತು ನಿಲ್ಲಬಾರದು.

ಕಪ್ಪೆಗೆ ಹಾವು ನೆರಳಾದ ಕಥೆಯನ್ನು ಯಾತ್ರಿಕರಿಗೆ ಹೇಳಿ ನಾವು ಹೆಮ್ಮೆಪಡುತ್ತೇವೆ. ಅದನ್ನು ಎರಡು ಮನೆಗಳ ಬೇಲಿಯ ನಡುವೆಯೂ ಒಮ್ಮೆ ನೆನಪಿಸಿಕೊಂಡರೆ ಸಾಕು. ಮುಂದಿನ ಆಷಾಢದಲ್ಲಿಯೂ, ಅದರ ಮುಂದಿನ ಆಷಾಢದಲ್ಲಿಯೂ "ಕಪ್ಪೆ ಶಂಕರ ಮುಳುಗಿತಾ?" ಅಂತ ಕೇಳುವುದಕ್ಕೆ ಹಳ್ಳದ ಈಚೆ ಒಬ್ಬರು, ಕೂಗಿ ಉತ್ತರ ಹೇಳುವುದಕ್ಕೆ ಆಚೆ ಒಬ್ಬರು ಇರಲಿ. ಸಂಘದ ಸುವರ್ಣ ಮಹೋತ್ಸವದ ಸಂಚಿಕೆಗೆ ಈ ಊರಿನ ಕಥೆಯನ್ನು ಇಲ್ಲೇ ಇದ್ದವರು ಬರೆಯುವಂತಾಗಲಿ.